ಬಚ್ಚಲ ಮೋರಿಯ ನುಸಿ

ಶೈಲಾಗ ಬಚ್ಚಲಮನಿ ಅಂದ್ರ ಸಾಕಾಗಿಹೋಗಿತ್ತು. ಸಾಕು ಅಂದ್ರ ಸಾಕು. ಜಮಖಂಡಿ ಕೋರ್ಟಿನಾಗ ದಿನಾ ಟೈಪ್ ಮಾಡಿ, ತುಂಬಿದ ಬಸ್ಸಿನಾಗ ನಿಂತು ರಬಕವಿಗೆ ಬರೂದರಾಗ ಆಕಿ ಹೆಣ ಆಗಿರತಿದ್ದಳು. ಬಂದು ಚಾ ಕುಡಿಯೂದು ಬಿಟ್ಟು ಮೋರಿ ಮುಂದ ಕುಕ್ಕರಗಾಲಿಲೆ ಕುಂದರಬೇಕು. ಮೋರಿಯೊಳಗಿಂದ ಎಳ್ಳಿನಷ್ಟ ಸಣ್ಣ ಕರೇ ನುಸಿ ಏಳತಿದ್ದವು, ಗ್ವಾಡಿಗೆ ಕುಂದರತಿದ್ದವು, ಹೊಡದರ ಬೂದಿಹಂಗ ಅಳಿಸಿಹೋಗತಿದ್ದವು.

ನುಸೀನರ ತಡಕೋಬಹುದಿತ್ತು. ಅತ್ತಿ ಶಂಕ್ರೆವ್ವನ ತಡಕೊಳ್ಳೂದು ಹ್ಯಾಂಗ? ನುಸಿ ಇರೂ ಬಚ್ಚಲದಾಗ ಮುದುಕಿ ಜಳಕಾ ಮಾಡೂದಿಲ್ಲ. ಜಳಕಾ ಇಲ್ಲದ ಲಿಂಗಪೂಜಿ ಇಲ್ಲ, ಪೂಜಿ ಆಗದ ಬಾಯಾಗ ತುತ್ತಿಲ್ಲ. ಶೈಲಾ ಬಸ್ಸಿಗೆ ಹೊಂಡೂ ಹೊತ್ತಿಗೆ ಮುದುಕಿ ಹಸದ ಹೊಟ್ಟೀಲೆ ಕಟ್ಟಿ ಮ್ಯಾಲ ಕುಂತು, ರಾಟಿ ತಿರುವಿ ಮಗ್ಗಕ್ಕ ಬೇಕಾದ ನೂಲಿನ ಕಂಡಿಕಿ ಸುತ್ತತಿದ್ದಳು. ಸೊಸಿಗೆ ಹೊರಗ ಹೆಜ್ಜಿ ಇಡಾಕ ಮನಸ್ಸು ಹ್ಯಾಂಗ ಬರಬೇಕು? ಗಂಡ ವೀರೇಶ ಒಬ್ಬ ಇದ್ದಾ, ಪಾವರಲೂಮ್ ಸಪ್ಪಳದಾಗ ಕಿವಿ ಕಳಕೊಂಡ ಪುಣ್ಯಾತ್ಮ. ಹೇಳಿದರ, "ಫಿನೈಲ್ ಹಾಕ," ಅನ್ನಾಂವ. ಕೋಣನ ಮುಂದ ಕಿನ್ನರಿ ಬಾರಿಸಿದಂಗ.

ಫಿನೈಲ್ ಆತು, ಕುದಿಯೂ ನೀರು ಆತು. ಕಡೀಕ ಒಂದು ಐತವಾರ ಶೈಲಾ ಮೋರಿ ಬಾಯಾಗಿನ ಜಾಳಿ ಕಿತ್ತು, ಹಳೇ ಬ್ರಶ್ ಇಳಿಸಿ, ಪೈಪಿನ ಒಳಮೈಗೆ ಹತ್ತಿದ ಲೋಳಿ ಕೆರದು ತಗದಳು. ಕೂದಲ, ಸಾಬಾಣದ ಜಿಡ್ಡು ಉಂಡಿ ಉಂಡಿಯಾಗಿ ಬಂತು. ನುಸಿಗೋಳ ತವರಮನೀನ ಅದು. ಮರುದಿನದಿಂದ ಆಕಿ ಕಣ್ಣಿಗೆ ಒಂದೂ ಬೀಳಲಿಲ್ಲ.

"ಅದಾವ," ಅಂದಳು ಶಂಕ್ರೆವ್ವ. "ಬಾಗಲಾ ತಗದ ಕೂಡಲೇ ಹಾರತಾವ."

ಶೈಲಾ ಒಂದು ಪ್ಲಾಸ್ಟಿಕ್ ಹಾಳಿಗೆ ಎಣ್ಣಿ ಸವರಿ, ಮಲಗೂ ಮುಂದ ಮೋರಿ ಬಾಯಿಗೆ ಬಿಗದಳು. ಒಳಗಿಂದ ನುಸಿ ಎದ್ದರ ಎಣ್ಣಿಗೆ ಅಂಟಲೇಬೇಕು. ಮುಂಜಾನೆ ನೋಡಿದರ ಹಾಳಿ ಖಾಲಿ. ತಗೊಂಡುಹೋಗಿ ಅತ್ತಿ ಮುಂದ ಹಿಡದಳು. ಶಂಕ್ರೆವ್ವ ನೋಡಿ, "ಇದರ ಮ್ಯಾಲೂ ಅದಾವಲ್ಲ," ಅಂದಳು.

ಶೈಲಾನ ತಾಳ್ಮಿ ಅಲ್ಲೇ ಹರೀತು. "ಅತ್ತೀ, ನಾನೂ ಮನಿಷ್ಯಾಳ ಅದೀನ್ರಿ. ನನ್ನ ಗೋಳು ಹೊಯ್ಕೊಳ್ಳಾಕ ನಿಮಗ ನುಸೀನ ಬೇಕಾತೇನು? ಇನ್ನ ನನ್ನ ಕೈಲೆ ಆಗೂದಿಲ್ಲ." ಹಾಳಿ ಮೂಲ್ಯಾಗ ಒಗದು, ಬ್ಯಾಗ್ ಹೆಗಲಿಗೇರಿಸಿ ಹೊಂಟಳು. ಬಸ್ಸಿನಾಗ ಮನಸ್ಸಿಗೆ ಕೆಟ್ಟ ಅನಿಸಿತು, ಆದರ ಅಂದದ್ದು ಖರೆ ಅಂತನೂ ಅನಿಸಿತು.

ಮರುದಿನ ಮುದುಕಿ ತಾನ ಎದ್ದು ಜಳಕಾ ಮಾಡಿದಳು, ಪೂಜಿ ಮಾಡಿದಳು, ರೊಟ್ಟಿ ತಿಂದಳು. "ಹೋದವು ಬಿಡವಾ. ಒಂದೂ ಇಲ್ಲ," ಅಂದಳು. ಶೈಲಾಗ ಎಷ್ಟು ಹಗರ ಆತಂದ್ರ, ಆವತ್ತ ಬಸ್ಸಿನಾಗ ನಿಂತಲ್ಲೇ ಜೋಂಪು ಹತ್ತಿತು.

ಹಂಗ ಕೆಲವು ದಿನ ಛಲೋ ಹೋದವು. ಒಂದು ಸೂಟಿ ದಿನ ಶೈಲಾ ಅರಿವಿ ಒಣಹಾಕಾಕ ಅಂಗಳಕ್ಕ ಬಂದಳು. ಕಟ್ಟಿ ಮ್ಯಾಲ ಉರಿ ಬಿಸಲಾಗ ಶಂಕ್ರೆವ್ವ ಒಬ್ಬಾಕೆನ ಕುಂತಿದ್ದಳು. ರಾಟಿ ನಿಂತಿತ್ತು. ತಪ್ಪಿಹೋದ ನೂಲಿನ ತುದಿನ ಆಕಿಯ ಒಂದು ಕೈ ತಡವರಿಸಿ ಹುಡುಕಾಕತ್ತಿತ್ತು. ಇನ್ನೊಂದು ಕೈ ಮಾರಿ ಮುಂದ ಏನನ್ನೋ ಓಡಸಾಕತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ನುಸಿ ಇಲ್ಲ, ನೊಣ ಇಲ್ಲ, ಬರೇ ಬಿಸಲು.

ಶೈಲಾ ಬಕೀಟ ಅಲ್ಲೇ ಬಿಟ್ಟು ಹೋಗಿ ಎದುರು ಕುಂತಳು.

"ಅತ್ತೀ, ನುಸಿ ಹೋದವು ಅಂದಿದ್ರಿ."

"ಅಂದಿದ್ದೆ. ನೀನರ ಎಷ್ಟಂತ ತಿಕ್ಕತಿ? ದಣದು ಬಂದಿರತಿ."

"ಎಲ್ಲಿ ಕಾಣತಾವ್ರಿ?"

"ನೋಡಿದಲ್ಲೆಲ್ಲಾ. ಈಗ ನಿನ್ನ ಮಾರಿ ಮ್ಯಾಲ ಅದಾವ."

ನುಸಿ ಇರೂದು ಮೋರ್ಯಾಗಲ್ಲ, ಅತ್ತಿ ಕಣ್ಣಾಗ ಅಂತ ಶೈಲಾಗ ಹೊಳೀತು. ಅಂಗೈ ಎತ್ತಿ ಅತ್ತಿಯ ಬಲಗಣ್ಣು ಮುಚ್ಚಿದಳು. ಎಡಗಣ್ಣು ತೆರದ ಇತ್ತು, ಆಕಿ ಕಡೆನ ತಿರಗಿತ್ತು.

"ಈಗ ನಾ ಕಾಣತೇನೇನ್ರಿ?"

ಶಂಕ್ರೆವ್ವ ಗಾಳ್ಯಾಗ ಕೈಯಾಡಿಸಿ ಸೊಸಿಯ ಹೆಗಲು ಹುಡುಕಿದಳು.

"ನಿನ್ನ ದನಿ ಕೇಳಸತೈತಿ ಬಿಡವಾ," ಅಂದಳು.