ಇಪ್ಪತ್ತೈದನೆಯ ಗುಂಡಿ

"ಹತ್ತು ಹೆಜ್ಜೆ ಹಿಂದೆ ಬಾ ಅಂದಿರ್ಲಿಲ್ವಾ?" ಎಡೆಲ್ಮಿರಾ ತಿರುಗಿಯೂ ನೋಡದೆ ಹಲ್ಲು ಕಚ್ಚಿ ಹೇಳಿದಳು. "ಅಂಟ್ಕೊಂಡೇ ಬರ್ತೀಯಲ್ಲ. ಸಲೂನಿನೋರು ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬಿಡೇ. ನಮ್ಮಕ್ಕ ಅನ್ನು. ನಾನೇನು ನೀನು ಕದ್ದು ತಂದ ಕುರಿಯೇ?"

"ಮೆತ್ತಗೆ! ಬೀದೀಲಿ ಆ ಬೆಟ್ಟದ ಮಾತು ಆಡ್ಬೇಡ ಅಂತ ಬೆಳಗ್ಗೇನೇ ಹೇಳಿದೀನಿ."

ಸತುರ್ನಿನಾ ನಿಂತುಕೊಂಡಳು. ತಂಗಿಯ ಎತ್ತರದ ಚಪ್ಪಲಿ ಟಕಟಕ ಎಂದು ಹತ್ತು ಹೆಜ್ಜೆ ಇಡುವವರೆಗೂ ಎಣಿಸಿ ಮತ್ತೆ ನಡೆದಳು. ಬೆಟ್ಟದ ಊರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಮೊದಲ ಸಲ ಲಿಮಾ ನೋಡಲು ಬಂದವಳು ಅವಳು. ಹೂವು ಸಿಕ್ಕಿಸಿದ ಟೋಪಿಯನ್ನೂ ತಂಗಿ ತೆಗೆಸಿ ಬೆನ್ನಿನ ಗಂಟಿಗೆ ಹಾಕಿಸಿದ್ದಳು. ಟೋಪಿಯಿಲ್ಲದ ತಲೆ ಅವಳಿಗೆ ಬೆತ್ತಲೆಯೆನಿಸುತ್ತಿತ್ತು.

ಶನಿವಾರದ ಸಂಜೆ ಊನಿಯೋನ್ ಬೀದಿಯಲ್ಲಿ ಭುಜಕ್ಕೆ ಭುಜ ತಾಗಿಸದೆ ನಡೆದವರಿಲ್ಲ. ಜೋಡಿನ ಅಂಗಡಿಗಳ ಮೈಕುಗಳು ಒಂದರ ಮೇಲೊಂದು ಕಿರುಚುತ್ತಿದ್ದವು. "ಹಚ್ಚೆ, ಹಚ್ಚೆ," "ಕನ್ನಡಕ, ಕನ್ನಡಕ," ಎಂದು ಕೈ ಹಿಡಿದು ಎಳೆಯುವವರು ಸತುರ್ನಿನಾಳ ಬೆಟ್ಟದ ಲಂಗ ನೋಡಿ ಕೈ ಹಿಂದೆಗೆಯುತ್ತಿದ್ದರು. ಅವಳಿಗೆ ಅದರ ಪರಿವೆಯಿರಲಿಲ್ಲ. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಪ್ರತಿಮೆಯ ಹಾಗೆ ನಿಂತವನೊಬ್ಬನ ಮುಂದೆ ಅವಳ ಕಾಲು ಕಟ್ಟಿಹೋಯಿತು.

"ಚಳಿ ಆಗಲ್ವೇನಪ್ಪಾ?" ಎಂದು ತನ್ನ ಮಾತಿನಲ್ಲೇ ಕೇಳಿದಳು.

"ಅಭ್ಯಾಸ ಆಗಿದೆ ತಾಯಿ," ಎಂದಿತು ಪ್ರತಿಮೆ, ತುಟಿ ಅಲ್ಲಾಡಿಸದೆ, ಅದೇ ಬೆಟ್ಟದ ಮಾತಿನಲ್ಲಿ.

ಅವಳಿಗೆ ನಗು ತಡೆಯಲಾಗಲಿಲ್ಲ. ಲಿಮಾದಲ್ಲಿ ಬೆಟ್ಟದಿಂದ ಇಳಿದು ಬಂದವರು ಹೆಜ್ಜೆಗೊಬ್ಬರಿದ್ದಾರೆ. ಹೌದೆಂದು ಒಪ್ಪಿಕೊಳ್ಳುವವರನ್ನು ಮಾತ್ರ ದೀಪ ಹಿಡಿದು ಹುಡುಕಬೇಕು. ಎಡೆಲ್ಮಿರಾ ಇದೇ ಬೀದಿಯ ಸಲೂನಿನಲ್ಲಿ 'ಮಿರಾ' ಆಗಿ ಹದಿನೈದು ವರ್ಷವಾಗಿತ್ತು. ಹುಟ್ಟಿದ್ದೇ ಇಲ್ಲಿ ಎಂದು ಅಲ್ಲಿಯವರನ್ನು ನಂಬಿಸಿದ್ದಳು.

ಗುಂಡಿ, ಜರಿ, ಲೇಸು ಮಾರುವ ದೊಡ್ಡ ಅಂಗಡಿಗೆ ಇಬ್ಬರೂ ಬೇರೆ ಬೇರೆಯಾಗಿ ಒಳಹೊಕ್ಕರು. ಸತುರ್ನಿನಾ ಊರ ಹಬ್ಬದ ಕುಣಿತದವರಿಗೆ ಅಂಗಿ ಹೊಲಿಯುವವಳು. ಕನ್ನಡಿಯಂತೆ ಹೊಳೆಯುವ ಗುಂಡಿ ಎರಡು ಡಜನ್ ಆರಿಸಿ, ಹಣ ಕೊಟ್ಟು, ಅಂಗೈ ಚಾಚಿಕೊಂಡೇ ನಿಂತಳು.

"ಇನ್ನೇನು?" ಎಂದಳು ಮಾರುವ ಹುಡುಗಿ.

"ಕೊಸರು ಕೊಡಲ್ವೇನವ್ವಾ?"

ಹುಡುಗಿ ಪಕ್ಕದವಳ ಕಡೆ ತಿರುಗಿದಳು. "ಕೇಳಿದ್ಯೇನೇ? ಕೊಸರಂತೆ! ಇದೇನು ಆಲೂಗಡ್ಡೆ ಸಂತೆ ಅನ್ಕೊಂಡಿದಾಳೆ."

ಸತುರ್ನಿನಾಳ ಊರಿನಲ್ಲಿ ಕೊಸರು ಕೊಡದೆ ವ್ಯಾಪಾರ ಮುಗಿಯುವುದಿಲ್ಲ. ಕೊಡದವರು ಜಗಳಕ್ಕೆ ನಿಂತಿದ್ದಾರೆ ಎಂದೇ ಅರ್ಥ. ಮಾರುವವಳು ಮರೆತರೆ ಕೊಳ್ಳುವವಳೇ ರಾಶಿಗೆ ಕೈ ಹಾಕಿ ಒಂದನ್ನು ಎತ್ತಿಕೊಳ್ಳುತ್ತಾಳೆ. ಮಾರುವವಳು ಬೈದು ನಗುತ್ತಾಳೆ. ಇವಳೂ ತಟ್ಟೆಗೆ ಕೈ ಹಾಕಿದಳು. ಒಂದು ಗುಂಡಿ ತೆಗೆದು, ಹುಡುಗಿಗೆ ಕಾಣುವಂತೆ ಎತ್ತಿ ತೋರಿಸಿ, ಪೊಟ್ಟಣಕ್ಕೆ ಹಾಕಿಕೊಂಡಳು.

"ಕಳ್ಳಿ! ಹಿಡ್ಕೊಳ್ಳಿ!"

ಬಾಗಿಲ ಕಾವಲುಗಾರ ಬಂದು ಮಣಿಕಟ್ಟು ಹಿಡಿದ. ಬೆನ್ನಿನ ಗಂಟನ್ನು ಕಿತ್ತು ಗಾಜಿನ ಮೇಜಿನ ಮೇಲೆ ಕೊಡವಿದ. ಟೋಪಿ ಉರುಳಿತು, ದಾರಿಗೆಂದು ತಂದಿದ್ದ ಹುರಿದ ಜೋಳ ನೆಲದ ತುಂಬ ಚೆಲ್ಲಿತು.

"ಕದ್ದಿಲ್ಲಪ್ಪಾ, ತೋರಿಸೇ ತಗೊಂಡೆ. ಅಗೋ, ಅಲ್ಲಿದಾಳೆ ನನ್ನ ತಂಗಿ. ಅವಳನ್ನ ಕೇಳು."

ಲೇಸಿನ ಕಪಾಟಿನ ಪಕ್ಕ ಎಡೆಲ್ಮಿರಾ ಬಿಳಿಚಿಕೊಂಡು ನಿಂತಿದ್ದಳು. ಗಲಾಟೆ ಕೇಳಿ ಬಾಗಿಲಲ್ಲಿ ಇಣುಕಿದ್ದ ಜನರ ನಡುವೆ ಸಲೂನಿನ ಹುಡುಗಿಯರಿಬ್ಬರು ಐಸ್‌ಕ್ರೀಮ್ ಹಿಡಿದು, "ಮಿರಾ! ಏನಾಯ್ತೇ?" ಎಂದು ಕೂಗಿದರು.

"ಮೇಡಂ, ಈ ಹೆಂಗಸು ನಿಮ್ಮೋರಾ?" ಎಂದ ಕಾವಲುಗಾರ.

ಇಬ್ಬರ ಮೂಗೂ ಒಂದೇ ಅಚ್ಚು. ಕಣ್ಣಿದ್ದವರಿಗೆ ಕೇಳುವ ಅಗತ್ಯವೇ ಇರಲಿಲ್ಲ.

"ಯಾರೋ ಏನೋ," ಎಂದಳು ಎಡೆಲ್ಮಿರಾ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಇಂಥೋರು ದಿನಾ ಬರ್ತಾರೆ. ಹುಷಾರಾಗಿರ್ಬೇಕು."

ನಾಲ್ಕು ವರ್ಷ ಇವಳನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಕಾದಿದ್ದಳು ಸತುರ್ನಿನಾ. ಈಗ ಪೊಟ್ಟಣ ಬಿಚ್ಚಿ ಇಪ್ಪತ್ತೈದೂ ಗುಂಡಿಗಳನ್ನು ಮೇಜಿನ ಮೇಲೆ ಸುರಿದಳು. ಕೊಟ್ಟ ಹಣವನ್ನು ವಾಪಸು ಕೇಳಲಿಲ್ಲ. ಆಮೇಲೆ ಮಂಡಿಯೂರಿ ಜೋಳ ಆಯತೊಡಗಿದಳು. ಕಾಳನ್ನು ನೆಲದ ಮೇಲೆ ಬಿಟ್ಟು ಹೋದರೆ ಅದು ಅಳುತ್ತದೆಂದು ಅವರ ಕಡೆಯ ನಂಬಿಕೆ. ಸುತ್ತ ನಿಂತವರಲ್ಲಿ ಒಬ್ಬರೂ ಬಗ್ಗಲಿಲ್ಲ. ಕೊನೆಯ ಕಾಳು ತಂಗಿಯ ಚಪ್ಪಲಿಯ ಪಕ್ಕದಲ್ಲಿತ್ತು. ತಲೆ ಎತ್ತದೆ ಅದನ್ನೂ ಎತ್ತಿಕೊಂಡಳು.

ಬೀದಿಯ ಮೂಲೆಯಲ್ಲಿ ಬಾರ್ಲಿ ಕಷಾಯದ ಗಾಡಿಯಿತ್ತು. ಸತುರ್ನಿನಾ ಅಲ್ಲಿ ನಿಂತು ಬಿಸಿಬಿಸಿ ಕುಡಿದಳು. ಲೋಟ ಖಾಲಿಯಾಗುತ್ತಲೇ ಗಾಡಿಯವಳು, ಇವಳು ಕೇಳದಿದ್ದರೂ, ಇನ್ನರ್ಧ ಲೋಟ ಹೊಯ್ದಳು. "ಕೊಸರು ತಾಯಿ, ಕುಡೀರಿ."

ಅಂಗಡಿಯಲ್ಲಿ ಬಾರದ ಅಳು ಆಗ ಬಂತು. ಬೆಚ್ಚಗಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು.

ಗೆಳತಿಯರನ್ನು ಹೇಗೋ ಸಾಗಹಾಕಿ ಎಡೆಲ್ಮಿರಾ ಏದುಸಿರು ಬಿಡುತ್ತ ಬಂದಳು. "ನಾನೇನ್ ಮಾಡ್ಲಿ ಹೇಳು? ಅವರೆಲ್ಲ ಇದ್ರು. ನೀನೂ ಅಷ್ಟೇ, ಯಾರಾದ್ರೂ ಹಾಗೆ ಕೈ ಹಾಕ್ತಾರಾ? ಆಯ್ತು ಬಿಡು, ಮನೆಗೆ ಹೋಗೋಣ. ಬಾ."

ಗಾಡಿಯವಳು ಇಬ್ಬರ ಮುಖವನ್ನೂ ನೋಡಿದಳು. "ಇವರು ನಿಮ್ಮೋರಾ ತಾಯಿ?"

ಸತುರ್ನಿನಾ ಕೊಸರನ್ನು ಕೊನೆಯ ಹನಿಯವರೆಗೂ ಕುಡಿದು ಲೋಟ ಇಟ್ಟಳು.

"ಯಾರೋ ಏನೋ," ಎಂದಳು.

ಗಂಟಿನಿಂದ ಟೋಪಿ ತೆಗೆದಳು. ಬಾಗಿದ ಅಂಚನ್ನು ಮಂಡಿಗೆ ಒತ್ತಿ ಸರಿಮಾಡಿ, ನಡುಬೀದಿಯಲ್ಲೇ ತಲೆಗಿಟ್ಟುಕೊಂಡು, ಬಸ್ ನಿಲ್ದಾಣ ಎಲ್ಲಿ ಎಂದು ಗಾಡಿಯವಳನ್ನು ಕೇಳಿದಳು. ಅವಳು ಕೈ ತೋರಿಸಿದ ಕಡೆ ನಡೆದಳು.

ಎಡೆಲ್ಮಿರಾ ಬೇಗ ಬೇಗ ಹಿಂಬಾಲಿಸಿದಳು. ಎತ್ತರದ ಚಪ್ಪಲಿ, ನುಗ್ಗುವ ಜನ. ಎಷ್ಟು ಓಡಿದರೂ ನಡುವಿನ ಹತ್ತು ಹೆಜ್ಜೆ ಕರಗಲಿಲ್ಲ. ಸಲೂನಿನ ಬಾಗಿಲೆದುರಿಗೆ ಬಂದಾಗ ಅವಳು ನಿಂತು, ಬೆಟ್ಟದ ಮಾತಿನಲ್ಲಿ, ಗಂಟಲು ಹರಿಯುವಂತೆ "ಅಕ್ಕಾ!" ಎಂದು ಕೂಗಿದಳು.

ಬೀದಿಯಲ್ಲಿ ಎಷ್ಟೋ ಹೆಂಗಸರು ತಿರುಗಿ ನೋಡಿದರು. ಬೆಳ್ಳಿ ಬಣ್ಣದ ಪ್ರತಿಮೆಯೂ ಕತ್ತು ಹೊರಳಿಸಿತು. ಹೂವಿನ ಟೋಪಿ ಮಾತ್ರ ಜನರ ತಲೆಗಳ ನಡುವೆ ಬಸ್ ನಿಲ್ದಾಣದ ಕಡೆ ಸಾಗುತ್ತಲೇ ಇತ್ತು.