ಏಳು ಗೀಟಿನ ಮೌನ

ಮೂರನೇ ಸಾಲಿನಲ್ಲಿ ಯಾರೋ ಚಾಕಲೇಟಿನ ಕಾಗದ ಬಿಚ್ಚುತ್ತಿದ್ದಾರೆ, ಬಿಚ್ಚುವುದಾದರೆ ಒಂದೇ ಸಲ ಬಿಚ್ಚಿ ಬಾಯಿಗೆ ಹಾಕಿಕೊಳ್ಳಬಾರದೇ, ಹೀಗೆ ಕದ್ದು ಕದ್ದು ಬಿಚ್ಚಿದರೆ ಈ ಬಯಲು ರಂಗಮಂದಿರದಲ್ಲಿ ಅದು ಇಪ್ಪತ್ತೆಂಟನೇ ಸಾಲಿನವರೆಗೂ ಕೇಳಿಸುತ್ತದೆ, ಕಲ್ಲಿನ ಮೆಟ್ಟಿಲುಗಳು ಅರ್ಧ ಬಟ್ಟಲಾಗಿ ಕೂತಿವೆ, ಏನು ಬಿದ್ದರೂ ಹಿಡಿದುಕೊಳ್ಳುತ್ತವೆ — ಎರಡು. ಮೂರು. ನನ್ನ ತೊಡೆಯ ಮೇಲಿನ ಪುಸ್ತಕದಲ್ಲಿ ಈ ಜಾಗಕ್ಕೆ ಕೆಂಪು ಪೆನ್ಸಿಲಿನ ಏಳು ಗೀಟುಗಳಿವೆ, ಗೀಟಿಗೊಂದು ಉಸಿರು, ಏಳು ಉಸಿರಿನಷ್ಟು ಹೊತ್ತು ತಾಯಿಯ ಪಾತ್ರದ ಅಕ್ಕ ಸುಮ್ಮನೆ ನಿಲ್ಲಬೇಕು, ಆಮೇಲೆ ಮಾತು. ನ್ಯಾಯಾಧೀಶ ಕೇಳಿ ಆಯಿತು, ಹೇಳಮ್ಮ, ಇವನು ನಿನಗೆ ಏನಾಗಬೇಕು. ಮಗನ ಪಾತ್ರದವನು ಕೈಗೆ ಹಗ್ಗ ಕಟ್ಟಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದಾನೆ, ತಾಯಿ ಇವನು ನನ್ನ ಮಗ ಎಂದರೆ ಓಡಿಹೋಗಿದ್ದ ಕೈದಿ ಇವನೇ ಎಂದು ಗೊತ್ತಾಗಿ ನೇಣಿಗೆ ಹಾಕುತ್ತಾರೆ, ಅದಕ್ಕೇ ಅವಳು ಎಲ್ಲರೆದುರು ಅನ್ನಬೇಕು, ಏನೂ ಆಗಬೇಕಾಗಿಲ್ಲ. ಎರಡೇ ಪದ. ಇಡೀ ನಾಟಕ ಆ ಎರಡು ಪದಕ್ಕೆ ಜೋತುಬಿದ್ದಿದೆ. ನಾಲ್ಕು. ಅಕ್ಕ ಬಿಲ್ಲೆಗಲ್ಲಿನ ಮೇಲೆ ನಿಂತಿದ್ದಾಳೆ, ಎಡಗೈಯಲ್ಲಿ ಬೂದು ಶಾಲಿನ ಅಂಚು, ಸಂಜೆಯ ಬೆಳಕು ಇನ್ನೂ ಪೂರ್ತಿ ಹೋಗಿಲ್ಲ, ಕಿವಿಯ ಪಕ್ಕದ ನರೆಕೂದಲು ಗಾಳಿಗೆ ಎದ್ದಿದೆ, ಪಿನ್ನು ಹಾಕಿಕೋ ಅಂತ ಬಡಕೊಂಡೆ, ಕೇಳಿದರೆ ತಾನೆ.

ನಾನು ಕೂತಿರುವುದು ರಂಗದ ಮುಂದೆ, ಅಕ್ಕನ ಎಡಕ್ಕಿರುವ ಗುಂಡಿಯಲ್ಲಿ, ಗುಂಡಿ ಅಂದರೆ ಗುಂಡಿಯೇ, ಸೊಂಟದಷ್ಟು ಆಳ, ಒಂದು ಸ್ಟೂಲು, ಒಂದು ಪುಟ್ಟ ದೀಪ, ಜನರಿಗೆ ಕಾಣದಿರಲೆಂದು ಬೆನ್ನ ಹಿಂದೆ ತಗಡಿನ ಮರೆ. ರಂಗದ ಮೇಲಿರುವವರಿಗೆ ನಾನು ಮೂಗಿನಿಂದ ಮೇಲಕ್ಕೆ ಮಾತ್ರ ಕಾಣುತ್ತೇನೆ. ಮೂವತ್ತೊಂದು ವರ್ಷ, ಹಗಲು ಶಾಲೆಯ ಆಫೀಸಿನಲ್ಲಿ ಟೈಪಿಂಗು, ಸಂಜೆ ಈ ಗುಂಡಿ, ಶಾಲೆಯದು ಮುಗಿದು ಈಗ ಗುಂಡಿಯೊಂದೇ ಉಳಿದಿದೆ. ಮಾತು ಮರೆತವರಿಗೆ ಪದ ಕೊಡುವುದು ನನ್ನ ಕೆಲಸ, ಕೆಲವರಿಗೆ ಮೊದಲಕ್ಷರ ಕೊಟ್ಟರೆ ಸಾಕು, ಹಲ್ಲಿನ ಡಾಕ್ಟರಿಗೆ ಮಾತ್ರ ಇಡೀ ವಾಕ್ಯ ಬೇಕು — ನ್ಯಾಯಾಧೀಶನ ಪಾತ್ರ ಅವರದೇ, ಹಗಲೆಲ್ಲ ಊರವರ ಬಾಯಿ ತೆರೆಸುತ್ತಾರೆ, ಸಂಜೆ ತಮ್ಮ ಬಾಯಿ ತೆರೆಯಲು ನನ್ನ ಮುಖ ನೋಡುತ್ತಾರೆ. ಅಕ್ಕ ಹಾಗಲ್ಲ. ಅವಳಿಗೆ ಪದ ಬೇಕಾದರೆ ಶಾಲಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜುತ್ತಾಳೆ, ಅಂಗಡಿಯಲ್ಲಿ ಬಟ್ಟೆ ದಪ್ಪವೋ ತೆಳುವೋ ಎಂದು ನೋಡುತ್ತೇವಲ್ಲ, ಹಾಗೆ. ಉಜ್ಜಿದರೆ ಕೊಡು, ಉಜ್ಜದಿದ್ದರೆ ಮೌನ ನನ್ನದು, ನೀನು ಬಾಯಿ ಮುಚ್ಚಿಕೊಂಡಿರು. ಐದು. ಈ ಸನ್ನೆ ಹುಟ್ಟಿದ್ದೇ ನನ್ನ ಎಡವಟ್ಟಿನಿಂದ, ಇಪ್ಪತ್ತೆರಡು ವರ್ಷದ ಹಿಂದೆ, ಬೇರೆ ನಾಟಕ, ಅಕ್ಕ ಹೀಗೇ ಸುಮ್ಮನೆ ನಿಂತಳು, ನಾನು ಗಾಬರಿಬಿದ್ದು ಪದ ಕೊಟ್ಟುಬಿಟ್ಟೆ. ಅವಳು ಮರೆತಿರಲಿಲ್ಲ. ನಟಿಸುತ್ತಿದ್ದಳು. ಸಾಲದ್ದಕ್ಕೆ ಬಿಲ್ಲೆಯ ಮೇಲಿದ್ದಳು, ಬಿಲ್ಲೆ ಅಂದರೆ ರಂಗದ ನಟ್ಟನಡುವೆ ಕೂರಿಸಿರುವ ದುಂಡುಕಲ್ಲು, ಅಲ್ಲಿಂದ ಪಿಸುಗುಟ್ಟಿದರೂ, ಅಲ್ಲಿಗೆ ಯಾರಾದರೂ ಪಿಸುಗುಟ್ಟಿದರೂ ಮಾತು ಸೀದಾ ಕೊನೇ ಸಾಲಿಗೆ ಹೋಗುತ್ತದೆ, ಕಟ್ಟಿದವರು ಹಾಗೆ ಕಟ್ಟಿದ್ದಾರೆ. ನನ್ನ ಪದ ಸಾವಿರದ ಇನ್ನೂರು ಜನಕ್ಕೂ ಕೇಳಿಸಿತು, ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ಅಕ್ಕ ಆ ನಗುವಿನ ನಡುವೆ ನಿಂತೇ ಇದ್ದಳು. ನಾಲ್ಕು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು, ಒಂದೇ ಮನೆ, ಒಂದೇ ಊಟದ ಮೇಜು, ಭಾವನ ಕಡೆ ತಿರುಗಿ, ನಿಮ್ಮ ನಾದಿನೀಗೆ ಹೇಳಿ ಉಪ್ಪು ಈ ಕಡೆ ತಳ್ಳೋಕೆ, ಪಾಪ ಭಾವ, ಉಪ್ಪು ತಳ್ಳಿ ತಳ್ಳಿಯೇ ಸುಸ್ತಾದರು. ಐದನೇ ತಿಂಗಳು ಅವಳೇ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತು, ನೋಡೆ ಪುಟ್ಟಿ, ನಾನು ಶಾಲು ಉಜ್ಜೋವರೆಗೂ ನೀನು ಸತ್ತರೂ ಬಾಯಿ ಬಿಡಬಾರದು, ಬಿಲ್ಲೆ ಮೇಲಿದ್ರೆ ನಾನೇ ಇಳಿದು ನಿನ್ನ ಕಡೆ ಬರ್ತೀನಿ, ಆಮೇಲೆ ಕೊಡು. ಆಯ್ತು ಮಾರಾಯ್ತಿ ಅಂದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಆ ಮಾತು ಮೀರಿಲ್ಲ, ಆರು, ಏಳು. ಏಳಾಯಿತು ಅಕ್ಕ.

ಎಂಟು. ಇರಲಿ, ಕೆಲವು ಸಂಜೆ ಎಂಟಕ್ಕೂ ಎಳೆಯುತ್ತಾಳೆ, ಜನ ಚೆನ್ನಾಗಿದ್ದರೆ ಒಂಬತ್ತಕ್ಕೂ, ಹೋದ ವಾರ ಒಂಬತ್ತಾಗಿತ್ತು, ಮನೆಗೆ ಹೋಗುವಾಗ ಬೈದಿದ್ದೆ, ನನ್ನ ಎದೆ ಒಡೆದುಹೋಗುತ್ತೆ ಕಣೆ ಅಂತ, ನಕ್ಕಿದ್ದಳು. ಬೆರಳು ನೋಡು, ಬೆರಳು. ಶಾಲಿನ ಅಂಚು ಕೈಯಲ್ಲೇ ಇದೆ, ಬೆರಳು ಅಲ್ಲಾಡುತ್ತಿಲ್ಲ. ಹಾಗಾದರೆ ಮೌನ ಅವಳದು. ಹಾಗಾದರೆ ಸರಿ. ಒಂಬತ್ತು. ಮೊನ್ನೆ ಬೆಳಿಗ್ಗೆ ಬೀಗದ ಕೈ ಹಿಡಿದುಕೊಂಡು ಬಾಗಿಲ ಮುಂದೆ ನಿಂತಿದ್ದಳು, ಏನೇ ಇದು, ಇದನ್ನ ಏನಂತಾರೆ, ಬಾಗಿಲಿನದು, ಅಂತ ನನ್ನನ್ನು ಕೇಳಿದಳು, ಕೇಳಿ ತಾನೇ ನಕ್ಕಳು, ನಾನೂ ನಕ್ಕೆ, ನಗದೆ ಏನು ಮಾಡಲಿ. ನರದ ಡಾಕ್ಟರು ನಾಲ್ಕು ತಿಂಗಳ ಹಿಂದೆಯೇ ಹೇಳಿದ್ದರು, ಅವಳನ್ನು ಹೊರಗೆ ಕೂರಿಸಿ ನನ್ನೊಬ್ಬಳಿಗೆ, ಹೊಸದು ಮೊದಲು ಜಾರುತ್ತೆ, ಒಂದು ದಿನ ಹಳೇದೂ ಜಾರೋಕೆ ಶುರುವಾಗುತ್ತೆ, ನಾಟಕ ಗೀಟಕ ಎಲ್ಲ ಸಾಕು ಅನ್ನಿ. ಚೀಟಿ ಬರೆದುಕೊಟ್ಟರು. ಆ ಚೀಟಿ ಇದೇ ಪುಸ್ತಕದ ಹಿಂದಿನ ರಟ್ಟಿನೊಳಗೆ ಇದೆ, ಈಗ ನನ್ನ ಎಡತೊಡೆಗೆ ಒತ್ತುತ್ತಿದೆ. ಮನೆಗೆ ಬಂದು ಅವಳಿಗೆ ಹೇಳಿದೆ, ಅವಳು ಪಾತ್ರೆ ಒರೆಸುತ್ತಿದ್ದಳು, ಒರೆಸುತ್ತಲೇ, ಮನೇಲಿ ಮರೆಯೋದು ಬೇರೆ, ಅಲ್ಲಿ ಮರೆಯೋದು ಬೇರೆ, ಅಲ್ಲಿ ನಾನು ಸರಿ ಇರ್ತೀನಿ, ಯಾರಿಗೂ ಹೇಳಬೇಡ. ಆಮೇಲೆ ಬಟ್ಟೆ ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದಳು, ಒಂದು ಮಾತು ಕೊಡು ಪುಟ್ಟಿ, ನಾನು ಅಲ್ಲಿ ಬೆಪ್ಪಾಗಿ ನಿಲ್ಲೋ ಹಾಗೆ ಬಿಡಬೇಡ, ಜನ ನಗೋ ಹಾಗೆ ಬಿಡಬೇಡ, ನೀನಿದ್ದೀಯಲ್ಲ. ಕೊಟ್ಟೆ. ಧಾರಾಳವಾಗಿ ಕೊಟ್ಟೆ. ಅವಳಿಗೋಸ್ಕರ ಕೊಟ್ಟೆ ಅಂದುಕೊಂಡಿದ್ದೆ, ಸುಳ್ಳು, ಅರ್ಧ ನನಗೋಸ್ಕರ, ಅವಳು ರಂಗ ಬಿಟ್ಟರೆ ಈ ಗುಂಡಿಯಲ್ಲಿ ಕೂತು ನಾನು ಯಾರ ಬೆರಳು ನೋಡಲಿ. ಹತ್ತು. ಕುರುಚಲುಗಡ್ಡಕ್ಕೆ ಆಗಲೇ ವಾಸನೆ ಬಡಿದಿತ್ತು — ನಮ್ಮ ನಿರ್ದೇಶಕ, ಬಂದು ಒಂದು ವರ್ಷವಾಗಿಲ್ಲ — ಅಮ್ಮಾ, ಕಿವಿಯೊಳಗೆ ಒಂದು ಚಿಕ್ಕ ಯಂತ್ರ ಹಾಕ್ಕೊಳ್ಳಿ, ತಂಗಿಯವರು ಅಲ್ಲಿಂದಲೇ ಹೇಳ್ತಾರೆ, ಯಾರಿಗೂ ಗೊತ್ತಾಗಲ್ಲ. ಅಕ್ಕ ಆ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿ, ಕಿವೀಲಿ ಇವಳು ವಟವಟ ಅಂತಿದ್ರೆ ಮಗನ ಉಸಿರು ನನಗೆ ಹೇಗಪ್ಪ ಕೇಳಿಸುತ್ತೆ, ಬೇಡ, ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ನನ್ನ ಕೈಗೆ ಬೆಂಕಿ ಹಾಕ.

ಹನ್ನೊಂದು. ಹಿಂದೆ ಯಾರೋ ಮೂಗು ಎಳೆದುಕೊಂಡರು, ಅಳುತ್ತಿದ್ದಾರೆ, ಚಾಕಲೇಟಿನವರೂ ಸುಮ್ಮನಾಗಿದ್ದಾರೆ, ಇಡೀ ಬಟ್ಟಲು ಉಸಿರು ಹಿಡಿದಿದೆ. ಎಂಥ ಅಭಿನಯ ಅಂದುಕೊಳ್ಳುತ್ತಿದ್ದಾರೆ. ನಾನೂ ಅಂದುಕೊಳ್ಳಲೇ. ಮುಖ ನೋಡಿದರೆ ಗೊತ್ತಾಗುವುದಿಲ್ಲ, ಅವಳ ಮುಖ ಹಾಗೇ, ತಾಯಿಯ ಮುಖ, ಬಾಯಿ ಸ್ವಲ್ಪ ತೆರೆದಿದೆ, ತಾಲೀಮಿನಲ್ಲೂ ಹೀಗೇ ತೆರೆದಿರುತ್ತಿತ್ತು. ಬೆರಳು ಅಲ್ಲಾಡಿಲ್ಲ. ಅಲ್ಲಾಡಿಲ್ಲವಲ್ಲ, ಅಲ್ಲಾಡದಿದ್ದರೆ ಮೌನ ಅವಳದು ಎಂದು ಅವಳೇ ಹೇಳಿದ್ದು. ಹನ್ನೆರಡು. ಮಾತು ಮರೆತರೆ ಉಜ್ಜುತ್ತಾಳೆ, ಸರಿ. ಉಜ್ಜಬೇಕು ಎನ್ನುವುದನ್ನೇ ಮರೆತಿದ್ದರೆ. ಇದು ನನಗೆ ಯಾಕೆ ಹೊಳೆಯಲಿಲ್ಲ, ನಾಲ್ಕು ತಿಂಗಳು ಕೂತು ಏನು ಮಾಡಿದೆ, ಸನ್ನೆ ನೆನಪಿದೆಯಾ ಅಂತ ಒಂದು ದಿನ ಕೇಳಬಾರದಿತ್ತೇ, ಅನ್ನಕ್ಕೆ ನೀರಿಟ್ಟೆಯಾ, ಗ್ಯಾಸ್ ಆರಿಸಿದೆಯಾ, ಎಲ್ಲ ಕೇಳಿದೆ, ಇದೊಂದನ್ನು ಬಿಟ್ಟು. ಪದ ನಾಲಿಗೆಯ ಮೇಲಿದೆ. ಏನೂ ಆಗಬೇಕಾಗಿಲ್ಲ. ಕೊಟ್ಟರೆ ಇಪ್ಪತ್ತೆಂಟು ಸಾಲಿಗೂ ಕೇಳಿಸುತ್ತದೆ, ಅವಳು ನಟಿಸುತ್ತಿದ್ದರೆ ನಾನು ಎರಡನೇ ಸಲ ಅವಳ ಕತ್ತು ಹಿಸುಕಿದ ಹಾಗೆ, ಮರೆತಿದ್ದರೆ ಊರಿಗೆಲ್ಲ ನಾನೇ ಡಂಗುರ ಹೊಡೆದ ಹಾಗೆ. ಕೊಡದಿದ್ದರೆ ಅವಳು ಬೆಪ್ಪಾಗಿ ನಿಂತಿದ್ದಾಳೆ. ಇಳಿ ಅಕ್ಕ, ಬಿಲ್ಲೆಯಿಂದ ಒಂದು ಹೆಜ್ಜೆ ಇಳಿ, ಎಡಕ್ಕೆ ಬಾ, ನನ್ನ ಕಡೆ, ಒಂದೇ ಹೆಜ್ಜೆ, ಕಿವಿಯಲ್ಲಿ ಹೇಳಿದ ಹಾಗೆ ಹೇಳುತ್ತೇನೆ. ಹದಿನಾಲ್ಕು, ಹದಿಮೂರು ಎಲ್ಲಿ ಹೋಯಿತು. ಮೇಲೆ ದೀಪದ ಕೋಣೆಯಲ್ಲಿ ಕುರುಚಲುಗಡ್ಡ ಕೂತಿದ್ದಾನೆ, ಕತ್ತಲು ಮಾಡೋ, ದೀಪ ಆರಿಸೋ ಮಹರಾಯ, ಅವನು ಆರಿಸುವುದಿಲ್ಲ, ಅವನೂ ಅಳುತ್ತಿರಬಹುದು.

ಹಲ್ಲಿನ ಡಾಕ್ಟರು ನನ್ನ ಕಡೆ ನೋಡಿದರು. ಮೂವತ್ತೊಂದು ವರ್ಷದಲ್ಲಿ ಅವರು ನನ್ನನ್ನು ಪದಕ್ಕಾಗಿ ಅಲ್ಲದೆ ನೋಡಿದ್ದು ಇದೇ ಮೊದಲು. ನಾನು ತಲೆ ಅಲ್ಲಾಡಿಸಿದೆ, ಹೌದು ಅಂತಲೋ ಬೇಡ ಅಂತಲೋ ನನಗೇ ಗೊತ್ತಿಲ್ಲ. ಅವರು ಪೀಠದಿಂದ ಸ್ವಲ್ಪ ಮುಂದಕ್ಕೆ ಬಾಗಿ, ಪುಸ್ತಕದಲ್ಲಿಲ್ಲದ ಮೆತ್ತನೆಯ ದನಿಯಲ್ಲಿ, ಹೆದರಿದ ರೋಗಿಗೆ ಹೇಳುವ ದನಿಯಲ್ಲಿ, ಇನ್ನೊಂದು ಸಲ ಕೇಳ್ತೀನಿ ತಾಯಿ, ಇವನು ನಿನಗೆ ಏನಾಗಬೇಕು. ದೇವರಂಥ ಮನುಷ್ಯ, ಇನ್ನು ಮೇಲೆ ನಿಮಗೆ ಇಡೀ ನಾಟಕ ಓದಿ ಹೇಳುತ್ತೇನೆ. ಅಕ್ಕ ದನಿ ಬಂದ ಕಡೆ ತಿರುಗಿದಳು. ಮಗನ ಪಾತ್ರದವನನ್ನು ನೋಡಿದಳು, ಅವನ ಕೈಯ ಹಗ್ಗವನ್ನು ನೋಡಿದಳು, ಅಯ್ಯೋ ಪಾಪ ಯಾರ ಮಗನೋ ಎನ್ನುವಂತೆ ನೋಡಿದಳು, ಅಲ್ಲಿಂದ ಕಣ್ಣು ಮೆಟ್ಟಿಲುಗಳ ಮೇಲೆ ಹೋಯಿತು, ಒಂದೊಂದೇ ಸಾಲು, ಯಾರನ್ನೋ ಹುಡುಕುತ್ತಿದ್ದಾಳೆ, ಆಮೇಲೆ ಕೆಳಗೆ ಬಂತು, ಗುಂಡಿಗೆ. ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ, ತಗಡಿನ ಮರೆಗಿಂತ ಮೇಲೆ ನನ್ನ ತಲೆ, ಭುಜ, ಎಲ್ಲರಿಗೂ ಕಾಣುವ ಹಾಗೆ, ಸ್ಟೂಲು ಹಿಂದಕ್ಕೆ ಬಿತ್ತು, ಆ ಸದ್ದೂ ಕೊನೇ ಸಾಲಿಗೆ ಹೋಯಿತು. ತುಟಿಯಲ್ಲಿ ಮಾಡಿ ತೋರಿಸಿದೆ, ಸದ್ದಿಲ್ಲದೆ, ಏ-ನೂ. ಏ-ನೂ. ಅಕ್ಕನ ಮುಖ ಅರಳಿತು, ತಾಯಿಯ ಪಾತ್ರದ ಮುಖವಲ್ಲ, ಬಸ್‌ಸ್ಟ್ಯಾಂಡಿನಲ್ಲಿ ತಡವಾಗಿ ಬಂದ ನನ್ನನ್ನು ಗುಂಪಿನಲ್ಲಿ ಕಂಡಾಗಿನ ಮುಖ. ಬಲಗೈ ಎತ್ತಿ ನನ್ನ ಕಡೆ ತೋರಿಸಿದಳು, ಮನೆಯ ದನಿಯಲ್ಲಿ, ಕೇಳಿದವರಿಗೆ ಉತ್ತರ ಕೊಡುವುದು ಮರ್ಯಾದೆ ಎನ್ನುವ ದನಿಯಲ್ಲಿ, ಇವಳಾ, ಇವಳು ನನ್ನ ತಂಗಿ.

ಇಪ್ಪತ್ತೆಂಟು ಸಾಲೂ ಕೇಳಿಸಿಕೊಂಡವು. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು, ನಕ್ಕವರನ್ನು ಬೈದುಕೊಂಡು ಮನೆಗೆ ಹೋಗಬಹುದಿತ್ತು. ಮಗನ ಪಾತ್ರದವನು ತಲೆ ಎತ್ತಿದ್ದಾನೆ, ಡಾಕ್ಟರು ಕನ್ನಡಕ ತೆಗೆದಿದ್ದಾರೆ, ನ್ಯಾಯಾಧೀಶನಿಗೆ ಕನ್ನಡಕ ತೆಗೆಯುವುದು ಎಲ್ಲೂ ಬರೆದಿಲ್ಲ. ಅಕ್ಕನ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಅಂಚಿನಿಂದ ಕರಗತೊಡಗಿತು, ಸುತ್ತ ನೋಡಿದಳು, ಕಾಲಡಿಯ ಕಲ್ಲು ನೋಡಿದಳು, ಎಲ್ಲಿದ್ದೇನೆಂದು ಅವಳಿಗೆ ಈಗ ಗೊತ್ತಾಗುತ್ತಿದೆ, ಅಯ್ಯೋ ಬೇಡ, ಈಗ ಗೊತ್ತಾಗುವುದು ಬೇಡ. ಬಿಲ್ಲೆಯಿಂದ ಒಂದು ಹೆಜ್ಜೆ ಇಳಿದಳು. ಎಡಕ್ಕೆ. ನನ್ನ ಕಡೆ. ಬೆರಳು ಅಲ್ಲಾಡಿತು. ಹೆಬ್ಬೆರಳು, ತೋರುಬೆರಳು, ನಡುವೆ ಬೂದು ಶಾಲಿನ ಅಂಚು, ಉಜ್ಜುತ್ತಿದ್ದಾಳೆ, ಕೊಡು ಪುಟ್ಟಿ, ಪದ ಕೊಡು. ನಾನು ಹಾಳೆ ತಿರುವುತ್ತೇನೆ, ಹಿಂದಕ್ಕೆ, ಮುಂದಕ್ಕೆ, ನರದ ಡಾಕ್ಟರ ಚೀಟಿ ಜಾರಿ ಕೆಳಗೆ ಬೀಳುತ್ತದೆ, ಇವಳು ನನ್ನ ತಂಗಿ ಎಂದ ಮೇಲೆ ತಾಯಿ ಏನನ್ನಬೇಕು, ಬರೆದಿಲ್ಲ, ಎಲ್ಲೂ ಬರೆದಿಲ್ಲ, ಅವಳು ನನ್ನನ್ನೇ ನೋಡುತ್ತಿದ್ದಾಳೆ, ಬೆರಳು ಉಜ್ಜುತ್ತಿದೆ, ಶಾಲಿನ ಅಂಚು, ಉಜ್ಜುತ್ತಿದೆ, ಉಜ್ಜುತ್ತಲೇ ಇದೆ