ಗಜಾಲಾಳ ಮೇಲೆ ಬಂದ ಖೂನಿ

ಬಸವಕಲ್ಯಾಣದ ಮುನ್ನಿ ಬೀಗೆ ಸಿಟ್ಟು ಬಂದರೆ ಎದುರು ನಿಲ್ಲುವ ಗಂಡಸು ಅವಳ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ. ಅವತ್ತಂತೂ ಸಿಟ್ಟು ನೆತ್ತಿಗೇರಿತ್ತು. ಮದುವೆಯ ಸುಗ್ಗಿಯಲ್ಲೇ ಅವಳ ಬಿಳಿ ಕುದುರೆ ಗಜಾಲಾಗೆ ಮದುಮಗನನ್ನು ಹೊರುವ ಇನ್ನೊಂದು ಬಾರಾತು ಮೆರವಣಿಗೆ ತಪ್ಪಿತ್ತು. ಫೋನ್ ಮಾಡಿದವರು ನಿರ್ಣಾದ ಸತೀಶಕುಮಾರ, ಮದುಮಗನ ಅಪ್ಪ.

“ಬ್ಯಾಡ್ರಿ ಆಪಾ. ನಿಮ್ಮ ಕುದುರಿ ಖೂನಿ ಮಾಡ್ಯಾದಂತ. ನಮಗಿರೋದು ಒಬ್ಬನೇ ಮಗ.”

ಖೂನಿ! ಬ್ಯಾಂಡಿನ ಗದ್ದಲದಲ್ಲಿ, ಪಟಾಕಿಯ ಹೊಗೆಯಲ್ಲಿ ಮದುಮಕ್ಕಳು ಬೆದರಿದ್ದುಂಟು, ಗಜಾಲಾ ಬೆದರಿದ್ದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ತೆಂಗಿನಕಾಯಿ ಮಾರುವ ನಾಗನಾಥ. ರೇಸಿನ ಮೈದಾನವನ್ನು ಕನಸಿನಲ್ಲೂ ಕಾಣದ ಈ ಮಹಾಶಯ ಕುದುರೆ ರೇಸಿನ ಕೊಲೆ ಕಾದಂಬರಿ ಬರೆಯಲು ಕೂತಿದ್ದ. ಕುದುರೆ ಹೇಗಿರುತ್ತದೆ ನೋಡೋಣ ಎಂದು ಮುನ್ನಿ ಬೀ ಮನೆಗೆ ಬಂದು, ಚಹಾ ಕುಡಿದು, ಗಜಾಲಾಳ ಕತ್ತು ಸವರಿ, ಹೆಸರು ಕೇಳಿಕೊಂಡು ಹೋಗಿದ್ದ. ಉಂಡೂ ಹೋದ, ಕೊಂಡೂ ಹೋದ! ವಾರವಾರ ವಾಟ್ಸಾಪಿಗೆ ಹಾಕುತ್ತಿದ್ದ ಅಧ್ಯಾಯವೊಂದರಲ್ಲಿ ರೇಸಿನ ಕುದುರೆ ಗಜಾಲಾ ಲಾಯದಲ್ಲಿ ತನ್ನ ಸವಾರನನ್ನೇ ಒದ್ದು ಕೊಂದಿತು. ಊರಿಂದೂರಿಗೆ ಹೋಗುವಾಗ ಕಾದಂಬರಿ ಎಂಬ ಮಾತು ದಾರಿಯಲ್ಲೆಲ್ಲೋ ಉದುರಿ, ಖೂನಿಯಷ್ಟೇ ನಿರ್ಣಾ ಮುಟ್ಟಿತು. ತಮಾಷೆಯೆಂದರೆ ಸತೀಶಕುಮಾರರ ಮಗನಿಗೆ ಹೆಣ್ಣು ಕೊಡುತ್ತಿದ್ದವನೂ ಇದೇ ನಾಗನಾಥ.

ಮುನ್ನಿ ಬೀ ಕುದುರೆಯನ್ನು ಟೆಂಪೋ ಹತ್ತಿಸಿ ನೇರ ಮಾಣಿಕನಗರಕ್ಕೆ ಬಂದು ಅವನ ಅಂಗಡಿ ಮುಂದೆ ನಿಲ್ಲಿಸಿದಳು.

“ಇದರ ಮಾರಿ ನೋಡಿ ಹೇಳ್ರಿ ಸಾವ್ಕಾರ್, ಇದು ಖೂನಿ ಮಾಡ್ತದೇನು?”

“ಅದು ಕತಿ ರೀ ಆಪಾ. ಹೆಸರು ಚಂದ ಅನಿಸ್ತು, ಹಾಕಿದೆ.”

“ಚಂದ ಅನಿಸಿದ್ರ ನಿಮ್ಮ ಮಗಳಿಗೆ ಇಡಬೇಕಿತ್ತು! ನಿಮ್ಮ ಬೀಗರೇ ಬ್ಯಾಡ ಅನ್ನಾಕತ್ತಾರ. ಸುಗ್ಗಿ ಹೋದ್ರ ವರ್ಷವೆಲ್ಲ ಇದಕ್ಕ ಏನ್ ತಿನಸ್ಲಿ, ನಿಮ್ಮ ಕಾದಂಬರಿ? ಖರೇ ಖೂನಿ ಮಾಡ್ದವ ಯಾರಂತ ಹೇಳ್ರಿ ಮೊದಲ!”

ಅದು ನಾಗನಾಥನಿಗೇ ಗೊತ್ತಿರಲಿಲ್ಲ. “ಕತ್ಯಾಗಿನ ಡಾಕ್ಟರ್ ಮ್ಯಾಲೆ ಹಾಕ್ಲೇನು?” ಎಂದ.

“ಡಾಕ್ಟರ್‌ಗ ನಮ್ಮಣ್ಣನ ಹೆಸರಿಟ್ಟೀರಿ,” ಒಳಗಿನಿಂದ ಹೆಂಡತಿ ಮಾಣಿಕಮ್ಮ ಗುಡುಗಿದಳು.

“ಹಂಗಾದ್ರ ಕುದುರಿ ಪಳಗಿಸೋ ವಜೀರ್?”

ಎದುರಿಗೆ ನಿಂತ ಆಟೋದಿಂದ ಚಾಲಕ ವಜೀರ್ ತಲೆ ಹೊರಹಾಕಿದ. “ನಾ ನಿಮಗೇನ್ ಮಾಡೀನ್ರಿ ಸಾವ್ಕಾರ್?”

ಪುಣ್ಯಾತ್ಮ ನಾಗನಾಥ ಹೆಸರುಗಳನ್ನೆಲ್ಲ ಗುರುತಿನವರಿಂದಲೇ ಆರಿಸಿದ್ದ. ಖೂನಿ ಹೊರಲು ಒಬ್ಬರೂ ತಯಾರಿಲ್ಲ. ಅಷ್ಟರಲ್ಲಿ ಗಜಾಲಾ ಅವನ ಕೈಯಲ್ಲಿದ್ದ ಕೊಬ್ಬರಿ ಚೂರನ್ನು ಮೆಲ್ಲಗೆ ತುಟಿಯಿಂದ ತೆಗೆದುಕೊಂಡು ತಿಂದಿತು. ನಾಗನಾಥ ತಲೆ ತಗ್ಗಿಸಿದ.

“ಹುಟ್ಟಿದಾಗಿಂದ ಕಾಯಿ ಮಾರೀರಿ, ರೇಸ್ ಒಂದೂ ನೋಡಿಲ್ಲ,” ಎಂದಳು ಮಾಣಿಕಮ್ಮ. “ಗೊತ್ತಿದ್ದದ್ದು ಬರೀರಿ.”

ಮುಂದಿನ ವಾರವೇ ಕೊನೆಯ ಅಧ್ಯಾಯ ಬಂತು. ಸತ್ತವನ ತಲೆಗೆ ಬಿದ್ದದ್ದು ಗೊರಸಿನ ಪೆಟ್ಟಲ್ಲ, ತೆಂಗಿನಕಾಯಿಯ ಪೆಟ್ಟು! ಕೊಂದವನು ರೇಸ್ ಮೈದಾನದ ಗೇಟಿನಲ್ಲಿ ಕಾಯಿ ಮಾರುವವ, ಹೆಸರು ನಾಗನಾಥ. ಬೇರೆ ಯಾರ ಹೆಸರು ಹಾಕಿದರೂ ಅವರು ಟೆಂಪೋ ಮಾಡಿಕೊಂಡು ಬರುತ್ತಾರಲ್ಲ! ಕತೆಯ ಕೊನೆಗೆ ಗಜಾಲಾಗೆ ಎಲ್ಲರೂ ಹೂವಿನ ಹಾರ ಹಾಕಿ ಕ್ಷಮೆ ಕೇಳಿದರು. ಅದನ್ನು ಓದಿಸಿಕೊಂಡು ಮುನ್ನಿ ಬೀ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮರುದಿನ ಸತೀಶಕುಮಾರರ ಫೋನ್ ಬಂತು.

“ಕುದುರಿದೇನೂ ತಕರಾರಿಲ್ರಿ ಆಪಾ, ಬರ್ಲಿ. ಆದ್ರ ನಮ್ಮ ಬೀಗರು...” ಎಂದು ದನಿ ತಗ್ಗಿಸಿದರು. “ತಾವೇ ಖೂನಿ ಮಾಡೀನಿ ಅಂತ ಬರಕೊಂಡಾರಲ್ರಿ! ಇಂಥ ಮನಿ ಹುಡುಗಿ ತರೋದು ಹ್ಯಾಂಗ? ನಿಮಗ ಗುರ್ತದ. ಖರೇ ಹೇಳ್ರಿ, ಮನಷ್ಯಾ ಹ್ಯಾಂಗ?”

ನಾಗನಾಥನ ಜುಟ್ಟು ಈಗ ಮುನ್ನಿ ಬೀ ಕೈಗೆ ಸಿಕ್ಕಿತ್ತು. “ಅಲ್ಲಾನೇ ಬಲ್ಲ” ಎಂದು ಒಂದು ನಿಟ್ಟುಸಿರು ಬಿಟ್ಟಿದ್ದರೆ ಸಾಕಿತ್ತು, ಮದುವೆ ಮುರಿಯುತ್ತಿತ್ತು. ಅಂಗಳದಲ್ಲಿ ಗಜಾಲಾ ಅವನು ಕಳಿಸಿದ ಕೊಬ್ಬರಿ ಮೆಲ್ಲುತ್ತಿತ್ತು.

“ಏನ್ ಮಾತಾಡಾಕತ್ತೀರಿ ಸಾವ್ಕಾರ್! ಮನ್ಯಾಗ ಇಲಿ ಬಂದ್ರ ಹೆಂಡ್ತೀನ ಕರಿಯೋ ಮನಷ್ಯಾ ಅವ. ಒಂದು ಮೂಕಪ್ರಾಣಿ ಹೆಸರು ಉಳಸಾಕ ಖೂನಿ ತನ್ನ ಮ್ಯಾಲೆ ಹಾಕ್ಕೊಂಡಾನ. ಇಂಥ ಬೀಗ ನಿಮಗ ಎಲ್ಲಿ ಸಿಗ್ತಾನ?”

ಆ ಕಡೆ ಸತೀಶಕುಮಾರ ಸಮಾಧಾನದ ಉಸಿರು ಬಿಟ್ಟರು.

“ಖರೇ ಅದ ರೀ ಆಪಾ.”

“ಮತ್ತ ಸೊಸೀನ ಚಂದಾಗಿ ನೋಡ್ಕೋರಿ,” ಎಂದಳು ಮುನ್ನಿ ಬೀ. “ಅವರಪ್ಪ ಇನ್ನೊಂದು ಕಾದಂಬರಿ ಸುರು ಮಾಡ್ಯಾನ. ಹೆಸರು ಹುಡುಕಾಕತ್ತಾನ.”